ಒಂಬತ್ತನೇ ದರ್ಜೆ

ಮಾರ್ಚ್ ೪, ಮಂಗಳವಾರ, ಬೆಳಿಗ್ಗೆ ೯.೧೦. ಇಂಗ್ಲೆಂಡಿನ ಸ್ಕಾರ್ತ್‌ಬಿ ಪೊಲೀಸ್ ಠಾಣೆಗೆ ಸಿಯಾನ್ ಎಂಬ ಮೂವತ್ತರ ಹೆಂಗಸು ಬಂದು ಒಂದು ಕಾಗದ ಕೊಟ್ಟಳು. ಮೇಲೆ ಊರ ಕೌನ್ಸಿಲ್ಲಿನ ಮುದ್ರೆ. ತೆರಿಗೆ ಪರಿಶೀಲನೆಗಾಗಿ ಮನೆಯಲ್ಲಿ ಇರುವವರೆಲ್ಲರ ಹೆಸರು, ಹುಟ್ಟಿದ ದಿನ ತುಂಬಿ ಹದಿನಾಲ್ಕು ದಿನದೊಳಗೆ ಕಳಿಸಬೇಕು, ತಪ್ಪಿದರೆ ದಂಡ ಎಂದಿತ್ತು.

ಇನ್‌ಸ್ಪೆಕ್ಟರ್ ಹಿಲ್ಡಾ ಆಕ್ರಾಯ್ಡ್ ಅವಳನ್ನು ಹೀಟರಿನ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಒಂದೂವರೆ ವರ್ಷದ ಹಿಂದೆ, ಹೊಡೆದು ತನ್ನ ಕೈ ಮುರಿದಿದ್ದ ಗಂಡನನ್ನು ಬಿಟ್ಟು, ಮಗ ಗೆಥಿನ್‌ನನ್ನು ಕರೆದುಕೊಂಡು ಈ ಕಡಲೂರಿಗೆ ಬಂದಿದ್ದಾಗಿ ಅವಳು ಹೇಳಿದಳು. ಇಲ್ಲಿ ಇಬ್ಬರ ಹೆಸರೂ ಬೇರೆ.

"ಇದು ನಿಜವಾದ ಕಾಗದಾನಾ, ಅಷ್ಟು ಹೇಳಿ ಸಾಕು. ಅಲ್ಲ ಅಂದ್ರೆ ಅವನಿಗೆ ನಾವಿರೋ ಜಾಗ ಗೊತ್ತಾಗಿದೆ. ಇವತ್ತೇ ಹೊರಡ್ತೀನಿ."

"ಸ್ವಲ್ಪ ತಾಳಮ್ಮ. ಮೊದಲು ನೋಡೋಣ."

ಕಾನ್‌ಸ್ಟೆಬಲ್ ಮಾರ್ಸ್‌ಡೆನ್ ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಲು ಹೊರಟ.

"ಕಳ್ಳನ್ನೇ ಕೇಳ್ತೀಯಾ, ನೀನು ಕಳ್ಳನಾ ಅಂತ?" ಎಂದರು ಹಿಲ್ಡಾ. ಅವನು ಕಿವಿ ಕೆಂಪಾಗಿ, ಠಾಣೆಯ ಹಳೆಯ ತೆರಿಗೆ ಬಿಲ್ಲು ಹುಡುಕಿ ಅದರಲ್ಲಿದ್ದ ನಂಬರಿಗೆ ಮಾಡಿದ. ಆಮೇಲೆ ಯಾರೂ ಹೇಳದೆಯೇ ಸಿಯಾನ್‌ಗೆ ಚಹಾ ತಂದಿಟ್ಟ.

ಕೌನ್ಸಿಲ್ ಕಚೇರಿಯ ಗುಮಾಸ್ತೆ ೧೦.೪೦ಕ್ಕೆ ತಾನೇ ನಡೆದು ಬಂದಳು. ಮುದ್ರೆ ನಕಲು ಎಂದಳು. ಇಂಥ ಕಾಗದ ತಾವು ಕಳಿಸಿಯೇ ಇಲ್ಲ. ನಮೂನೆ ಮಾತ್ರ ಕಚೇರಿಯಲ್ಲಿ ಕೂತು ಪಳಗಿದವರು ಮಾಡಿದ್ದು, ಒಂದೇ ಒಂದು ತಪ್ಪು. ಮನೆಯ ಬೆಲೆಗೆ ತಕ್ಕ ತೆರಿಗೆ ದರ್ಜೆ ಗುರುತು ಮಾಡುವ ಜಾಗದಲ್ಲಿ ಒಂಬತ್ತು ಚೌಕಗಳಿದ್ದವು, 'ಎ'ಯಿಂದ 'ಐ'ವರೆಗೆ.

"ನಮ್ಮ ಇಂಗ್ಲೆಂಡಿನಲ್ಲಿ 'ಎಚ್'ಗೇ ಮುಗೀತು, ಎಂಟೇ. ಒಂಬತ್ತನೇದು ಇರೋದು ವೇಲ್ಸ್‌ನಲ್ಲಿ."

ಸಿಯಾನ್ ಚಹಾ ಕೆಳಗಿಟ್ಟಳು. ಅವಳ ಗಂಡ ವೇಲ್ಸಿನವನು.

ಮಧ್ಯಾಹ್ನದೊಳಗೆ ಹಿಲ್ಡಾ ತಾಯಿ ಮಗನನ್ನು ಬೇರೆ ಮನೆಯಲ್ಲಿ ಇರಿಸಿದರು. ಮಾರ್ಸ್‌ಡೆನ್ ಬೀದಿಬೀದಿ ವಿಚಾರಿಸಿದ. ಬಂದರಿನ ಹಿಂದಿನ ಮೂರು ಬೀದಿಗಳ ಅರವತ್ತೊಂದು ಮನೆಗೂ ಹಿಂದಿನ ಶುಕ್ರವಾರವೇ ಅದೇ ಕಾಗದ ಹೋಗಿತ್ತು. ಕಳಿಸಿದವರಿಗೆ ಮನೆ ಗೊತ್ತಿಲ್ಲ, ಊರು ಮಾತ್ರ ಗೊತ್ತು ಎಂದು ಹಿಲ್ಡಾ ಬರೆದುಕೊಂಡರು.

ಉತ್ತರ ಕಳಿಸಬೇಕಾದ ವಿಳಾಸ ಒಂದು ಪತ್ರಿಕೆ ಅಂಗಡಿಯ ಬಾಡಿಗೆ ಅಂಚೆಪೆಟ್ಟಿಗೆಯದು. ಬಾಡಿಗೆಗೆ ಹಿಡಿದದ್ದು ಒಬ್ಬ ವಯಸ್ಸಾದ ಹೆಂಗಸು ಎಂದ ಅಂಗಡಿಯವನು. ಗುರುವಾರ ಗುರುವಾರ ಬರುತ್ತಾರೆ; ಮಂಡಿ ನೋವು, ಅದಕ್ಕೆ ಅವರಿಗೊಂದು ಸ್ಟೂಲ್ ಹಾಕಿಡುತ್ತೇನೆ.

ಮಾರ್ಚ್ ೬, ಗುರುವಾರ, ೧೨.೨೦. ಬೂದು ಕೋಟಿನ ಮುದುಕಿ ಪೆಟ್ಟಿಗೆ ತೆರೆದು, ಸ್ಟೂಲಿನ ಮೇಲೆ ಕೂತು, ಅಲ್ಲೇ ಲಕೋಟೆಗಳನ್ನು ಒಂದೊಂದಾಗಿ ಒಡೆದು ಓದತೊಡಗಿದರು. ಹಿಲ್ಡಾ ಕೊನೆಯ ಲಕೋಟೆಯವರೆಗೂ ಕಾದು ಬಂಧಿಸಿದರು. ಅಂಗಡಿಯವನ ಮುಂದೆಯೇ ಇಪ್ಪತ್ತೊಂಬತ್ತು ಉತ್ತರಗಳನ್ನು ಪಟ್ಟಿ ಮಾಡಿ ವಶಕ್ಕೆ ಪಡೆದರು.

ಹೆಸರು ಓಲ್ವೆನ್ ಪ್ರಾಸರ್, ವಯಸ್ಸು ಎಪ್ಪತ್ತೆರಡು. ವೇಲ್ಸಿನ ಒಂದು ಕೌನ್ಸಿಲ್ಲಿನ ತೆರಿಗೆ ವಿಭಾಗದಲ್ಲಿ ಮೂವತ್ತು ವರ್ಷ ಕೆಲಸ. ಸಿಯಾನ್‌ಳ ಅತ್ತೆ. ವಕೀಲರು ಬೇಡವೆಂದರು.

"ಮಗನಿಗೆ ಗೊತ್ತಾ?"

"ಇಲ್ಲ."

"ಹೇಗೆ ಬಂದ್ರಿ?"

"ಬಸ್ಸಲ್ಲಿ. ಮೂರು ಬಸ್ಸು. ಫೋನ್ ಮನೇಲೇ ಬಿಟ್ಟೆ. ನಾನು ಎಲ್ಲಿಗೆ ಹೋಗ್ತೀನಿ ಅಂತ ಅವನು ನೋಡಬಾರದು."

ಮಾರ್ಸ್‌ಡೆನ್ ಎರಡು ಕಡೆಯ ಬಸ್ಸಿನವರನ್ನೂ ಅವರ ನೆರೆಮನೆಯವರನ್ನೂ ಫೋನಿನಲ್ಲಿ ವಿಚಾರಿಸಿ ಬಂದ. ಮಾತು ನಿಜವಾಗಿತ್ತು.

"ಹಾಗಾದ್ರೆ ಯಾಕೆ ಇಷ್ಟೆಲ್ಲ?"

ಓಲ್ವೆನ್ ಹೇಳತೊಡಗಿದರು. ಮಗ ಒಮ್ಮೆ ಕುಡಿದು ಬಂದು, ಇನ್ನು ಹೆಂಡತಿ, ಗೆಥಿನ್ ಇಬ್ಬರೂ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದಿದ್ದನಂತೆ. ಅಂದಿನಿಂದ ಓಲ್ವೆನ್ ಮಗನ ಮನೆಯ ಹಿತ್ತಲಿನ ಕಡೆ ನೋಡುವುದನ್ನೇ ಬಿಟ್ಟಿದ್ದರು. ಸೊಸೆ ಹಿಂದೊಮ್ಮೆ ಈ ಊರಿನ ಬಂದರಿನ ಮಾತಾಡಿದ್ದಳು. ಓಡಿಹೋಗಿದ್ದರೆ ಇಲ್ಲಿಗೇ.

"ಪೊಲೀಸರನ್ನು ಕೇಳಬಹುದಿತ್ತಲ್ಲ."

"ನನ್ನ ಮಗ ಕೊಂದಿದಾನಾ ಅಂತ ಕೇಳೋಕೆ ಬಾಯಿ ಬರಲಿಲ್ಲ ತಾಯಿ. ತೆರಿಗೆ ಕಾಗದ ಅಂದ್ರೆ ಜನ ಹುಟ್ಟಿದ ದಿನ ಸುಳ್ಳು ಬರೆಯಲ್ಲ. ಆ ಮಗುವಿನ ದಿನ ಎಲ್ಲಾದರೂ ಇರುತ್ತೆ ಅಂತ... ಇಪ್ಪತ್ತೊಂಬತ್ತರಲ್ಲೂ ಇಲ್ಲ."

ದೂರು ಕೊಟ್ಟವರು ಯಾರೆಂದು ಓಲ್ವೆನ್‌ಗೆ ಹೇಳಲು ಕಾನೂನು ಬಿಡುವುದಿಲ್ಲ. ಹಿಲ್ಡಾ ಹೊರಗೆ ಹೋಗಿ ಸಿಯಾನ್‌ಗೆ ಫೋನ್ ಮಾಡಿದರು. ಗಂಡನಿಗೆ ಏನೂ ತಿಳಿದಿಲ್ಲ, ಊರು ಬಿಡಬೇಕಾಗಿಲ್ಲ ಎಂದರು. ಕಳಿಸಿದವರು ಯಾರು, ಯಾಕೆ ಎಂಬುದನ್ನೂ ಹೇಳಿದರು. ಅತ್ತೆಗೆ ಒಂದೇ ಒಂದು ಮಾತು ತಲುಪಿಸಲು ಸಿಯಾನ್ ಒಪ್ಪಿದಳು.

ಸಂಜೆ ೫.೩೫ಕ್ಕೆ ನಕಲಿ ದಾಖಲೆ ಸೃಷ್ಟಿಯ ಪ್ರಕರಣ ದಾಖಲಾಯಿತು. ಕಾರಣದ ಜಾಗದಲ್ಲಿ ಹಿಲ್ಡಾ, 'ಸೊಸೆ, ಮೊಮ್ಮಗ ಬದುಕಿರುವರೇ ಎಂದು ತಿಳಿಯಲು' ಎಂದು ಬರೆದರು. ಓಲ್ವೆನ್ ಕನ್ನಡಕ ಒರೆಸಿ ಸಹಿ ಹಾಕಿದರು.

ಪೆನ್ನು ವಾಪಸು ತೆಗೆದುಕೊಳ್ಳುತ್ತ ಹಿಲ್ಡಾ, "ಹೋದ ಭಾನುವಾರ ಗೆಥಿನ್‌ಗೆ ಮೊದಲನೇ ಹಲ್ಲು ಬಿತ್ತಂತೆ" ಎಂದರು.

ಮುದುಕಿ ಎರಡು ಕೈಯಲ್ಲೂ ಮೇಜಿನ ಅಂಚು ಹಿಡಿದುಕೊಂಡರು. ಆಮೇಲೆ ಕೇಳಿದರು:

"ಮೇಲಿನದಾ, ಕೆಳಗಿನದಾ?"

ಹಿಲ್ಡಾ ಅದನ್ನು ಕೇಳಿಕೊಂಡಿರಲಿಲ್ಲ.