ತೊಂಬತ್ತು ಗ್ರಾಂ ಮೈಲುತುತ್ತ

೧೯೭೮ರಲ್ಲಿ, ಹೊನ್ನಾವರದ ನಮ್ಮ ಕಾಲೇಜಿನ ಪ್ರಾಯೋಗಿಕ ಪರೀಕ್ಷೆಯ ದಿನ, ರಸಾಯನಶಾಸ್ತ್ರದ ಪಾಂಡುರಂಗ ಸರ್ ಪ್ರಯೋಗಾಲಯದ ಜವಾನ ಶುಕ್ರನ ಊಟದ ಚೀಲವನ್ನು ವಿದ್ಯಾರ್ಥಿಗಳೆದುರೇ ಅಂಗಳದಲ್ಲಿ ಕೊಡವಿದರು. ಬುತ್ತಿಯ ಜೊತೆ ಒಂದು ಪೊಟ್ಟಣ ಬಿತ್ತು. ಒಳಗೆ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ನೀಲಿ ಹರಳು.

"ಕಳ್ಳ!" ಎಂದರು. "ಪರೀಕ್ಷೆಗೆ ಇವನು ಕಲಸಿಟ್ಟ ಒಂದೊಂದು ಲೀಟರಿನ ಹತ್ತು ಬಾಟಲಿ ದ್ರಾವಣವೂ ಸಪ್ಪೆ. ಲೀಟರಿಗೆ ಇಪ್ಪತ್ನಾಲ್ಕು ಪಾಯಿಂಟ್ ತೊಂಬತ್ತೈದು ಗ್ರಾಂ ಬರೆದುಕೊಟ್ಟಿದ್ದೆ. ತೋಟದವರಿಗೆ ಮಾರೋಕೆ ಉಳಿಸಿದ್ದಾನೆ!"

"ಇಲ್ಲ ಅಕ್ಕೋರೆ," ಶುಕ್ರ ನನ್ನ ಪಕ್ಕದಲ್ಲಿದ್ದ ಸುಬ್ಬಲಕ್ಷ್ಮಿಯವರತ್ತ ತಿರುಗಿದ. "ಚೀಟೀಲಿ ಹದಿನೈದು ಪಾಯಿಂಟ್ ತೊಂಬತ್ತೈದು ಅಂತಿತ್ತು. ಅಷ್ಟೇ ತೂಗಿದ್ದೆ. ಈ ಪೊಟ್ಟಣ ಎಂತದೋ ನಂಗೊತ್ತಿಲ್ಲ."

ಚೀಟಿಗಳನ್ನು ಚುಚ್ಚಿಡುವ ಮೊಳೆಯಲ್ಲಿ ಆ ಚೀಟಿ ಮಾತ್ರ ಇರಲಿಲ್ಲ. ಮೂರು ಗಂಟೆಗೆ ಪೊಲೀಸರನ್ನು ಕರೆಸುತ್ತೇನೆ, ಕೆಲಸವೂ ಹೋಯಿತೆಂದೇ ತಿಳಿ ಎಂದರು ಪ್ರಾಂಶುಪಾಲರು.

ಸುಬ್ಬಲಕ್ಷ್ಮಿಯವರು ರಸಾಯನಶಾಸ್ತ್ರದ ಹಿರಿಯ ಅಧ್ಯಾಪಕಿ. ಕಾಲೇಜಿನ ಬಿಡಿಸಲಾಗದ ಗಂಟುಗಳೆಲ್ಲ ಅವರ ಮೇಜಿಗೇ ಬರುತ್ತಿದ್ದವು. ಭೌತಶಾಸ್ತ್ರದ ನಾನು ಅವರ ಹಿಂದೆ ತಿರುಗುವವನು. ಅವರು ಪೊಟ್ಟಣವನ್ನು ತಕ್ಕಡಿಗಿಟ್ಟರು. ಕೂದಲೆಳೆಯೂ ವ್ಯತ್ಯಾಸವಿಲ್ಲದೆ ತೊಂಬತ್ತು ಗ್ರಾಂ. ಸಿಟ್ಟಿಗೆ ಅವರ ಕಿವಿ ಕೆಂಪಾಯಿತು.

ಮೂರಕ್ಕೆ ಎಲ್ಲರೂ ಪ್ರಾಂಶುಪಾಲರ ಕೋಣೆಯಲ್ಲಿ ಸೇರಿದೆವು.

"ತೊಂಬತ್ತು ಗ್ರಾಂನಲ್ಲಿ ಎಷ್ಟು ಅಡಿಕೆ ಮರಕ್ಕೆ ಕೊಳೆ ಮದ್ದು ಹೊಡೀತಾರೆ ಪಾಂಡುರಂಗ, ನಾಲ್ಕು ಮರಕ್ಕಾ?" ಎಂದರು ಸುಬ್ಬಲಕ್ಷ್ಮಿ. "ತಾಮ್ರ ಅರವತ್ಮೂರೂವರೆ, ಗಂಧಕ ಮೂವತ್ತೆರಡು, ಆಮ್ಲಜನಕ ಅರವತ್ನಾಲ್ಕು. ಒಂದು ಮೋಲ್ ಅಂದರೆ ನೂರೈವತ್ತೊಂಬತ್ತೂವರೆ ಗ್ರಾಂ. ಲೀಟರಿಗೆ ಬೇಕಿದ್ದದ್ದು ಮೋಲಿನ ಹತ್ತನೇ ಒಂದು ಪಾಲು. ಎಷ್ಟಾಯ್ತು?"

"ಹದಿನೈದು ಪಾಯಿಂಟ್ ತೊಂಬತ್ತೈದು," ಎಂದೆ.

"ಶುಕ್ರ ಹೇಳಿದ್ದೂ ಅದೇ. ಆದರೆ ಇದು ನೀರಿಲ್ಲದ ಬಿಳಿ ಪುಡಿಯ ಲೆಕ್ಕ. ನಮ್ಮ ಜಾಡಿಯಲ್ಲಿರೋದು ನೀಲಿ ಹರಳು. ಅದರ ಒಂದೊಂದು ಮೋಲಿನಲ್ಲೂ ಐದು ಮೋಲ್ ನೀರು, ಅಂದರೆ ಇನ್ನೂ ತೊಂಬತ್ತು ಗ್ರಾಂ. ಚೀಟಿ ಬರೆದವರು ಅದನ್ನು ಮರೆತರು. ಶುಕ್ರನಿಗೆ ಮೋಲಿನ ಲೆಕ್ಕ ಯಾರೂ ಕಲಿಸಿಲ್ಲ. ಸುಳ್ಳು ಹೇಳೋನಿಗೆ ಈ ಸಂಖ್ಯೆ ಎಲ್ಲಿಂದ ಸಿಗಬೇಕು?"

"ಹಾಗಾದರೆ ಪೊಟ್ಟಣ?" ಪ್ರಾಂಶುಪಾಲರು ಕೇಳಿದರು.

"ನೀರಿನ ತೊಂಬತ್ತರಲ್ಲಿ ಹತ್ತನೇ ಒಂದು ಪಾಲು, ಅಂದರೆ ಲೀಟರಿಗೆ ಒಂಬತ್ತು ಗ್ರಾಂ ಕಡಿಮೆ, ಹತ್ತು ಲೀಟರಿಗೆ ತೊಂಬತ್ತು. ದ್ರಾವಣ ಸಪ್ಪೆಯಾದಾಗ ತಪ್ಪು ಹೊಳೆಯಿತು. ಕೊರತೆಯಷ್ಟನ್ನೇ ಜಾಡಿಯಿಂದ ತೂಗಿ ತೆಗೆದು ಶುಕ್ರನ ಚೀಲದಲ್ಲಿಟ್ಟು, ಚೀಟಿ ಕಿತ್ತರು. ಗಾಬರಿಯಲ್ಲೂ ಕೂಡಿಸಿ ಕಳೆದು ಕದ್ದಿದ್ದಾರೆ! ಶುಕ್ರನನ್ನು ಬಿಟ್ಟರೆ ಜಾಡಿಯ ಕಪಾಟಿನ ಕೀಲಿಕೈ ಇರೋದು ಒಬ್ಬರ ಹತ್ತಿರ. ಚೀಟಿ ಬರೆದವರೂ ಅವರೇ."

ಪಾಂಡುರಂಗ ಪ್ರಾಂಶುಪಾಲರ ಮುಖ ನೋಡಿದರು. "ತಪ್ಪಾಯ್ತು ಸರ್."

"ಅವರಿಗ್ಯಾಕೆ ಹೇಳ್ತೀರಿ?" ಸುಬ್ಬಲಕ್ಷ್ಮಿ ಮೇಜು ಗುದ್ದಿದರು.

"ನಂಗೆ ಹೇಳೋದೂ ಇಲ್ಲಿ ಬೇಡ," ಎಂದ ಶುಕ್ರ. "ಮಕ್ಕಳ ಎದುರು ಕಳ್ಳ ಅಂದ್ರಿ. ಇದನ್ನೂ ಅವರೆದುರೇ ಹೇಳಿ."

"ಮಕ್ಕಳು ತರಗತಿಯಲ್ಲಿದ್ದಾರಲ್ಲ ಮಾರಾಯ," ಪ್ರಾಂಶುಪಾಲರು ಗೊಣಗಿದರು.

ಶುಕ್ರ ಅಪ್ಪಣೆಗೆ ಕಾಯಲಿಲ್ಲ. ಜಗಲಿಗೆ ಹೋಗಿ, ಕೊಡತಿ ಎತ್ತಿ, ಉದ್ದನೆಯ ಗಂಟೆ ಹೊಡೆದ. ಒಂದೊಂದಾಗಿ ಬಾಗಿಲುಗಳು ತೆರೆದುಕೊಂಡವು.