ಕೆಲಸ ಮುಗಿಸುವ ಊಟ

ಬ್ರೇದಾ ಹೊಲದಿಂದ ಬಂದು ಬಾಗಿಲಲ್ಲಿ ಬೂಟು ಕಳಚುವಾಗ ಅಡುಗೆಮನೆಯ ಮೇಜು ಕಣ್ಣಿಗೆ ಬಿತ್ತು. ಹೊಗೆಯಲ್ಲಿ ಒಣಗಿಸಿದ ಮಾಂಸ, ಚೀಸ್ ತುಂಬಿದ ಗಿಬಾನಿತ್ಸಾ, ಹೋದ ವರ್ಷದ ಬಿಳಿ ವೈನು. ಅತ್ತೆ ಒಗೆದ ಮೇಜುಬಟ್ಟೆ ಬೇರೆ ಹಾಸಿದ್ದರು. ನೋಡಿದೊಡನೆ ಇದು ಲಿಕೋಫ್ ಎಂದು ಅವಳಿಗೆ ತಿಳಿಯಿತು. ಹಾಲೋಜೆಯ ಗುಡ್ಡಗಳಲ್ಲಿ ಕೆಲಸ ಮುಗಿದ ದಿನ ಮನೆಯವರು ಕೆಲಸದವನಿಗೆ ಬಡಿಸುವ ಊಟ ಅದು. ಉಂಡು ಎದ್ದರೆ ಲೆಕ್ಕ ಚುಕ್ತಾ. ಆಮೇಲೆ ಅವನು ಕಾರಣವಿಲ್ಲದೆ ಆ ಗೇಟು ದಾಟುವುದಿಲ್ಲ.

ಆದರೆ ಕೆಲಸ ಮುಗಿದಿರಲಿಲ್ಲ. ಮುಗಿಯುವುದು ಅವಳಿಗೆ ಬೇಕಾಗಿಯೂ ಇರಲಿಲ್ಲ.

ಗಂಡ ತೀರಿಕೊಂಡ ಮೇಲೆ ಇಳಿಜಾರಿನ ಹೊಲವನ್ನೆಲ್ಲ ಅವಳೊಬ್ಬಳೇ ಉಳುತ್ತಿದ್ದಳು. ಗುಡ್ಡದ ಮಡಿಕೆ ಬದಲಾದಂತೆ ನೇಗಿಲಿನ ಮೂತಿಯನ್ನೂ ಎತ್ತಬೇಕು, ಇಳಿಸಬೇಕು. ಅದಕ್ಕಾಗಿ ಟ್ರ್ಯಾಕ್ಟರಿನಿಂದ ಇಳಿದು, ಹಿಂದೆ ಹೋಗಿ, ನೇಗಿಲಿನ ತಲೆಯನ್ನು ಟ್ರ್ಯಾಕ್ಟರಿಗೆ ಬಿಗಿಯುವ ತುಕ್ಕು ಹಿಡಿದ ಕಂಬಿಯನ್ನು, ಟಾಪ್ ಲಿಂಕನ್ನು, ಕೈಯಿಂದ ತಿರುಗಿಸಬೇಕು. ಬಲಭುಜ ಕೈಕೊಟ್ಟಾಗ ಅವಳು ಕೆಳಗಿನ ಊರಿನ ವೆಲ್ಡರ್ ಲುದ್ವಿಕ್‌ನನ್ನು ಕರೆಸಿದಳು. ಸೀಟಿನಲ್ಲೇ ಕೂತು ಲಿವರ್ ಒತ್ತಿದರೆ ಉದ್ದವಾಗುವ, ಗಿಡ್ಡವಾಗುವ ಹೈಡ್ರಾಲಿಕ್ ಟಾಪ್ ಲಿಂಕ್ ಬೇಕು, ಅಂಗಡಿಯದು ತನ್ನ ಕೈಗೆ ಎಟುಕುವುದಿಲ್ಲ ಎಂದಳು. ಅವನು ಗುಜರಿಯಿಂದ ಮಾಡಿಕೊಡುತ್ತೇನೆ ಎಂದ.

ಲುದ್ವಿಕ್ ಐವತ್ತರ ಹತ್ತಿರದ ಒಂಟಿ ಗಂಡಸು. ಮಾತು ಕಡಿಮೆ. ಮೊದಲು ಅವನು ಹಳೇ ಟ್ರೇಲರಿನ ಸಿಲಿಂಡರ್ ತಂದು ಜೋಡಿಸಿದ. ಅದು ಹೊರಕ್ಕೆ ತಳ್ಳಿತೇ ಹೊರತು ಒಳಕ್ಕೆ ಎಳೆಯಲಿಲ್ಲ.

"ತಳ್ಳೋದು ಮಾತ್ರ ಬರುತ್ತೆ, ಎಳ್ಕೊಳ್ಳೋದು ಬರಲ್ಲ. ನಮ್ಮ ಅತ್ತೆ ಥರಾನೇ," ಎಂದಳು ಬ್ರೇದಾ.

ವೆಲ್ಡಿಂಗ್ ಮುಖವಾಡದ ಒಳಗೆ ಅವನು ನಕ್ಕದ್ದು ಭುಜಗಳಲ್ಲಿ ಕಾಣಿಸಿತು. ಮುಖವಾಡ ಎತ್ತಿದಾಗ ನಗು ಹೋಗಿತ್ತು. ಕಣ್ಣು ಮಾತ್ರ ಅವಳ ಮೇಲೆ ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನಿಂತಿತು. ಅವಳು ಹೋಸ್ ಪೈಪಿನ ಬಗ್ಗೆ ಏನೋ ಕೇಳಿದಳು. ಉತ್ತರ ಅವಳಿಗೆ ಬೇಕಿರಲಿಲ್ಲ.

ಆಮೇಲೆ ಮುರಿದ ಲೋಡರಿನ ಸಿಲಿಂಡರ್ ಸಿಕ್ಕಿತು. ಅದು ತಳ್ಳಿತು, ಎಳೆಯಿತು. ಹಳೇ ಲಿಂಕಿನ ಎರಡು ತುದಿಗಳನ್ನು ಕತ್ತರಿಸಿ ಅದಕ್ಕೆ ಬೆಸೆದ. ಉಳಿದದ್ದು ಒಂದೇ, ಒಳಗಿನ ಎಣ್ಣೆಯನ್ನು ಜಾರದಂತೆ ಹಿಡಿದಿಡುವ ಲಾಕ್ ವಾಲ್ವ್. ಅದು ಪೇಟೆಯಿಂದ ಬರಬೇಕಿತ್ತು.

ಅತ್ತೆಗೆ ಇದು ಗೊತ್ತಿರಲಿಲ್ಲ. ಕಿಟಕಿಯಿಂದ ನೋಡಿದವರಿಗೆ ನೇಗಿಲು ಏಳುವುದು, ಇಳಿಯುವುದು ಕಂಡಿತು. ಕಂಬಿಗೊಂದು ಬೆಸುಗೆ ಹಾಕಲು ಗಂಡಸೊಬ್ಬ ವಾರಗಟ್ಟಲೆ ಮನೆಗೆ ಬರುವುದೂ ಕಂಡಿತ್ತು. ಮೇಜು ಹಾಸಿಬಿಟ್ಟರು.

ಲುದ್ವಿಕ್ ಬಾಗಿಲಲ್ಲಿ ನಿಂತು ಮೇಜು ನೋಡಿದ, ಆಮೇಲೆ ಬ್ರೇದಾಳನ್ನು ನೋಡಿದ. ಇದು ಅವಳದೇ ತೀರ್ಮಾನ ಎಂದು ಅವನು ತಿಳಿದದ್ದು ಅವಳಿಗೆ ಗೊತ್ತಾಯಿತು. ಅಲ್ಲ ಎನ್ನಬಹುದಿತ್ತು. ಅಂದಿದ್ದರೆ, ಅವನ ಕೆಲಸ ಅರೆಬರೆ ಎಂದು ಅವನೆದುರೇ ಹೇಳಿದಂತಾಗುತ್ತಿತ್ತು. ಇಲ್ಲವೇ, ಅವನು ಇನ್ನೂ ಬರಲಿ ಎಂದು ಸತ್ತ ಗಂಡನ ತಾಯಿಯೆದುರು ಒಪ್ಪಿಕೊಂಡಂತೆ. ಅವಳು ಬ್ರೆಡ್ಡು ಕುಯ್ದಳು. ಅವನು ಉಂಡ, ಗಿಬಾನಿತ್ಸಾ ಚೆನ್ನಾಗಿದೆ ಎಂದು ಅತ್ತೆಗೆ ಹೇಳಿದ, ಕೈ ಒರೆಸಿಕೊಂಡು ಹೋದ.

ಉಳುಮೆ ಶುರುವಾಯಿತು. ಲಿವರ್ ಒತ್ತಿದರೆ ನೇಗಿಲು ಹೇಳಿದ ಮಾತು ಕೇಳುತ್ತಿತ್ತು. ಆದರೆ ಸಾಲಿನ ತುದಿ ಮುಟ್ಟುವಷ್ಟರಲ್ಲಿ ಲಿಂಕ್ ಬೆರಳಗಲ ಜಾರಿ, ಸಾಲು ಆಳ ತಪ್ಪುತ್ತಿತ್ತು. ಅವನನ್ನು ಕರೆಸುವಂತಿರಲಿಲ್ಲ. ಲಿಕೋಫ್ ಉಂಡವನನ್ನು ಅದೇ ಕೆಲಸಕ್ಕೆ ಮತ್ತೆ ಕರೆದರೆ, ಅವನ ಕೆಲಸ ಕೆಟ್ಟಿತೆಂದು ಗುಡ್ಡಕ್ಕೆಲ್ಲ ಸಾರಿದಂತೆ. ಹಾಗೆ ಕರೆಸಿಕೊಂಡ ಗಾರೆಯವನೊಬ್ಬನನ್ನು ಜನ ಇಂದಿಗೂ ಸೋರುವ ಯಾಕೊಬ್ ಎಂದೇ ಕರೆಯುತ್ತಾರೆ. ಅವನ ಮೊಮ್ಮಗನಿಗೂ ಅದೇ ಹೆಸರು.

ಹೊಲದ ಮೇಲಿನ ಅಂಚಿನಲ್ಲಿ ನಿಂತರೆ ಅವನ ಶೆಡ್ಡಿನ ತಗಡಿನ ಸೂರು ಕಾಣುತ್ತಿತ್ತು. ಅವಳು ಅಲ್ಲಿ ಎಂಜಿನ್ ನಿಲ್ಲಿಸಿ ಕೂರುವುದು ರೂಢಿಯಾಯಿತು. ನಿಲ್ಲಿಸಿದೊಡನೆ ಇಡೀ ಗುಡ್ಡ ನಿಶ್ಶಬ್ದವಾಗುತ್ತಿತ್ತು. ಮನೆಯಲ್ಲಿ ಇಬ್ಬರು ಹೆಂಗಸರು ಸೂಪು ಕುಡಿಯುವ ಸದ್ದು, ಇಲ್ಲಿ ಇದು. ಗಂಡ ಸತ್ತಾಗಿನ ದುಃಖಕ್ಕೆ ಜನ ಬಂದಿದ್ದರು. ಇದಕ್ಕೆ ಯಾರೂ ಬರುವಂತಿರಲಿಲ್ಲ.

ಒಂದು ಬೆಳಿಗ್ಗೆ, ಟ್ರ್ಯಾಕ್ಟರ್ ಬಿಟ್ಟು, ನಡೆದೇ ಅವನ ಶೆಡ್ಡಿಗೆ ಹೋದಳು.

ವಾಲ್ವ್ ಅವನ ಬೆಂಚಿನ ಮೇಲೆ, ಕಾಗದ ಬಿಚ್ಚದೆ ಕೂತಿತ್ತು. ಬಂದು ಬಹಳ ದಿನವಾಯಿತೆಂದೂ, ಕರೆಯದೆ ಬರುವುದು ಹೇಗೆಂದು ತಿಳಿಯಲಿಲ್ಲವೆಂದೂ ಅವನು ಹೇಳಿದ. ಲಿಂಕ್ ಜಾರುತ್ತಿರಬೇಕಲ್ಲ ಎಂದು ಕೇಳಿದ. ಯಾರಿಗೂ ತಿಳಿಯದ ಹಾಗೆ ಅವಳೇ ಜೋಡಿಸಿಕೊಳ್ಳಬಹುದು, ಎರಡು ಹೋಸು, ನಾಲ್ಕು ನಟ್ಟು ಅಷ್ಟೇ ಎಂದು ಕಾಗದ ಬಿಚ್ಚಿ ತೋರಿಸಲು ಹೊರಟ.

"ಅದಕ್ಕೆ ಬಂದಿಲ್ಲ ನಾನು," ಎಂದಳು. "ಊಟ ಹಾಕಿದ್ದು ಅತ್ತೆ. ನಾನಾಗಿದ್ರೆ ಚಳಿಗಾಲ ಮುಗಿಯೋವರೆಗೂ ಹಾಕ್ತಿರಲಿಲ್ಲ."

ಅವನ ಕೈ ನಟ್ಟಿನ ಮೇಲೆಯೇ ನಿಂತಿತು.

"ಇದನ್ನೂ ಹಾಕಿಬಿಟ್ರೆ ನಿಮ್ಮನ್ನ ಕರೆಯೋಕೆ ನನ್ನ ಹತ್ರ ಇನ್ನೇನೂ ಉಳಿಯಲ್ಲ, ಲುದ್ವಿಕ್. ಕೆಲಸ ಹುಡುಕಿ ಹುಡುಕಿ ಸಾಕಾಗಿದೆ. ಕೆಲಸ ಇಲ್ಲದೇನೇ ಬನ್ನಿ."

ಅವನು ವಾಲ್ವನ್ನು ಮತ್ತೆ ಕಾಗದದಲ್ಲಿ ಸುತ್ತಿಟ್ಟ. ಬೇಡ ಎನ್ನುತ್ತಾನೆಂದು ಅವಳು ಅರ್ಧ ತಿರುಗಿಯೂ ಆಗಿತ್ತು.

"ಏನೂ ಮುರೀದೆ ನನ್ನನ್ನ ಯಾರೂ ಕರೆದಿಲ್ಲ," ಎಂದ. "ಬಂದು ಏನು ಮಾಡ್ಬೇಕು?"

"ಕೂತ್ಕೋಬೇಕು."

"ನಿಮ್ಮತ್ತೆ?"

"ಮುಖ ಊದಿಸ್ಕೊಳ್ತಾರೆ. ಆಮೇಲೆ ತಟ್ಟೆ ಇಡ್ತಾರೆ."

ಅವನು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದ, ಹಾಡಹಗಲೇ ಶೆಡ್ಡಿಗೆ ಬೀಗ ಜಡಿದ. ಇಬ್ಬರೂ ಊರ ನಡುವಿನ ರಸ್ತೆಯಲ್ಲೇ ಗುಡ್ಡ ಹತ್ತಿದರು. ಬ್ರೆಡ್ಡಿನಂಗಡಿಯ ಮುಂದೆ ನಿಂತವರು ಮಾತು ನಿಲ್ಲಿಸಿ ನೋಡಿದರು. ಲುದ್ವಿಕ್ ಖಾಲಿ ಕೈಗಳನ್ನು ಒಮ್ಮೆ ಜೇಬಿಗಿಟ್ಟ, ಒಮ್ಮೆ ಬೆನ್ನ ಹಿಂದೆ ಕಟ್ಟಿದ, ಎಲ್ಲಿಟ್ಟರೂ ಸರಿಬರಲಿಲ್ಲ. ಇಗರ್ಜಿಯ ತಿರುವಿನಲ್ಲಿ ಬ್ರೇದಾ ಆ ಕೈಗಳಲ್ಲೊಂದನ್ನು ತಾನೇ ಹಿಡಿದುಕೊಂಡಳು.