ಬಿಚ್ಚಿಟ್ಟ ಪೆಟ್ಟಿಗೆಗೆ ಕಾದವಳು

"ದನ ಬೆಳಿಗ್ಗೆಯಿಂದ ಒಣ ತೊಟ್ಟಿ ನೆಕ್ತಾವೆ... ನೀವಿಲ್ಲಿ ಫ್ಯಾನ್ ಹಾಕ್ಕೊಂಡು ಕೂತಿದೀರಾ!"

ಬೀರೂರಿನ ಆ ಪುಟ್ಟ ಆಫೀಸಿನ ಬಾಗಿಲಲ್ಲಿ ನಿಂತವನ ದನಿ ಕೇಳಿದೊಡನೆ ನಿಶ್ಚಿತಾಳಿಗೆ ಗುರುತು ಸಿಕ್ಕಿತು.

ದುಶ್ಯಂತ್! ಎಮ್ಮೆದೊಡ್ಡಿ ಕಾವಲಿನ ಹುಲ್ಲುಗಾವಲಿನಲ್ಲಿ ದನಗಳ ನೀರಿನ ತೊಟ್ಟಿ ನೋಡಿಕೊಳ್ಳುವವನು. ಇಷ್ಟು ದಿನ ಫೋನಿನಲ್ಲೇ ಮಾತು, ಫೋನಿನಲ್ಲೇ ನಗು. ಮೊದಲ ಸಲ ಭೇಟಿಯಾಗುವಾಗ ಯಾವ ಚೂಡಿದಾರ್ ಹಾಕಬೇಕೆಂದು ಕೂಡ ಯೋಚಿಸಿಟ್ಟಿದ್ದಳು ಹುಚ್ಚು ಹುಡುಗಿ. ಅವನೋ, ಬೈಯಲು ಬಂದಿದ್ದ.

ತೊಟ್ಟಿಯಲ್ಲಿ ನೀರು ಇಳಿದರೆ ಮೋಟರ್ ಹಾಕುವ ಪ್ರೋಗ್ರಾಂ ಅವಳದು. ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದು. ಅದು ಒಂದೊಂದೇ ತೊಟ್ಟಿಯ ನೀರು ಅಳೆಯುವ ಪೆಟ್ಟಿಗೆಯನ್ನು ನೆಟ್‌ವರ್ಕ್‌ನಲ್ಲಿ ಕರೆದು, ನೀರೆಷ್ಟಿದೆ ಎಂದು ಕೇಳಿ, ಮುಂದಿನದಕ್ಕೆ ಹೋಗಬೇಕು.

"ನೀವೇ ಏನೋ ವೈರ್ ಕಿತ್ತಿರ್ತೀರಾ," ಎಂದಳು ಸಿಡುಕಿ.

"ದನ ಹೊಸ ಮೇವಿನ ಕಡೆ ಹೋದ್ವು, ಹಳೇ ತೊಟ್ಟಿ ಪೆಟ್ಟಿಗೆ ಬಿಚ್ಚಿಟ್ವಿ. ಜಾಗ ಖಾಲಿಯಾದ್ರೆ ಸಾಮಾನು ಬಿಚ್ಚಿಡೋದು ನಮ್ಮಲ್ಲಿ ರೂಢಿ ಕಣ್ರೀ. ನಿನ್ನೆ ಫೋನಲ್ಲೇ ನಿಮಗೆ ಹೇಳ್ದೆ ತಾನೆ?"

"ಉತ್ತರ ಬರದಿದ್ರೆ ಹತ್ತು ಸೆಕೆಂಡ್ ಕಾದು ಮುಂದೆ ಹೋಗು ಅಂತ ಬರ್ದಿದೀನಿ. ನನ್ನ ಕೋಡ್ ಸರಿಯಾಗೇ ಇದೆ!"

"ಹಂಗಾದ್ರೆ ನಾನೇ ಸುಳ್ಳುಗಾರ." ಅವನ ಮುಖ ಸಣ್ಣಗಾಯಿತು. "ಮೋಟರ್ ಕೈಯಲ್ಲೇ ಹಾಕ್ಕೊತೀನಿ ಬಿಡಿ. ಇನ್ಮೇಲೆ ಫೋನ್ ಮಾಡ್ಬೇಡಿ."

ಹೋಗೇಬಿಟ್ಟ!

ನಿಶ್ಚಿತಾ ಕಣ್ಣೊರೆಸಿಕೊಂಡು ಸ್ಕ್ರೀನ್ ನೋಡಿದಳು. ಪ್ರೋಗ್ರಾಂ ಬೆಳಿಗ್ಗೆಯಿಂದ ಹಳೆಯ ತೊಟ್ಟಿಯ ಪೆಟ್ಟಿಗೆಗೇ ಕಾಯುತ್ತ ನಿಂತಿತ್ತು; ಹೊಸ ತೊಟ್ಟಿಯ ಸರದಿ ಬಂದೇ ಇರಲಿಲ್ಲ. ಎರರ್ ಇಲ್ಲ, ಏನಿಲ್ಲ. ಸತ್ತಿದ್ದರಾದರೂ ಗೊತ್ತಾಗುತ್ತಿತ್ತು! ಕಾಯುವ ಗಡುವು, ಅಂದರೆ ಟೈಮ್‌ಔಟ್, ಐದು ಸೆಕೆಂಡ್ ಮಾಡಿದಳು. ಎರಡು ಮಾಡಿದಳು. ಊಹೂಂ... ಮೇಜು ಗುದ್ದಿದಳು, ಕೈ ನೋಯಿತು ಅಷ್ಟೆ.

ರೋಸಿಹೋಗಿ, ನೆಟ್‌ವರ್ಕ್‌ನಲ್ಲಿ ಕರೆಯಲು ತಾನು ಬಳಸುತ್ತಿದ್ದ ಸಾಕೆಟ್ ಲೈಬ್ರರಿಯ ಕೋಡನ್ನೇ ತೆರೆದಳು. ಅವಳು ಕೊಟ್ಟ ಹತ್ತು ಸೆಕೆಂಡನ್ನು ಅದು ತೆಗೆದುಕೊಳ್ಳುತ್ತಿತ್ತು. ಆದರೆ ಅವಳು ಬಳಸುವ ಲಿಸ್ಪ್ ಆವೃತ್ತಿಯಲ್ಲಿ ಅದನ್ನು ಎಲ್ಲೂ ಉಪಯೋಗಿಸುತ್ತಿರಲಿಲ್ಲ!

'ಥೂ! ಕೇಳಿಸ್ಕೊಂಡೂ ಸುಮ್ನಿದೆಯಲ್ಲ...'

ಮರುಕ್ಷಣ ನಾಚಿಕೆಯಾಯಿತು. 'ಅವರು ಹೇಳಿದ್ದನ್ನ ನಾನೂ ಹಿಂಗೇ ಕೇಳಿಸ್ಕೊಂಡು ಸುಮ್ನಿದ್ದೆ ಅಲ್ವಾ?'

ಕರೆಯುವ ಕೆಲಸವನ್ನು, ಪ್ರೋಗ್ರಾಂ ಜೊತೆಗೇ ಪ್ರತ್ಯೇಕವಾಗಿ ಓಡುವ ಬೇರೆ ಥ್ರೆಡ್‌ಗೆ ಒಪ್ಪಿಸಿದಳು. ಹತ್ತು ಸೆಕೆಂಡಿಗೆ ಉತ್ತರ ಬಾರದಿದ್ದರೆ ಅದನ್ನು ಕೈಬಿಟ್ಟು ಪ್ರೋಗ್ರಾಂ ಮುಂದೆ ಹೋಗುವಂತೆ ಮಾಡಿದಳು. ಈ ಸಲ ಹೊಸ ತೊಟ್ಟಿ ಉತ್ತರ ಕೊಟ್ಟಿತು.

ದುಶ್ಯಂತ್ ಮಾತ್ರ ಫೋನ್ ಎತ್ತಲಿಲ್ಲ. ಎಷ್ಟು ಸಲ ಮಾಡಿದರೂ! ಉಟ್ಟ ಬಟ್ಟೆಯಲ್ಲೇ ಬಸ್ ಹತ್ತಿದಳು.

ಕಾವಲಿನಲ್ಲಿ ದನಗಳು ಸೊರಸೊರ ನೀರು ಕುಡಿಯುತ್ತಿದ್ದವು. ಅವನು ತೊಟ್ಟಿಯ ಕಟ್ಟೆಯ ಮೇಲೆ ಕುಳಿತಿದ್ದ.

"ತಪ್ಪು ನಂದೇ ಕಣ್ರೀ," ಎಂದಳು. "ಹತ್ತು ಸೆಕೆಂಡ್ ಅಂತ ಬರ್ದಿದ್ದೆ, ಅದು ಕೆಲ್ಸ ಮಾಡುತ್ತಾ ಅಂತ ಒಂದ್ಸಲಾನೂ ನೋಡಿರ್ಲಿಲ್ಲ. ನಿಮ್ಮನ್ನ ಬೈದೆ."

"ಇದನ್ನ ಹೇಳೋಕೆ ಇಷ್ಟು ದೂರ ಬಂದ್ರಾ?"

"ಫೋನ್ ಎತ್ಲಿಲ್ವಲ್ಲ ನೀವು!"

"ಎತ್ತಿದ್ರೆ ನೀವು ಬರ್ತಿರ್ಲಿಲ್ಲ."

ಅವಳು ಬೆಚ್ಚಿ ನೋಡಿದಳು. "ಬರ್ಲಿ ಅಂತಾನೇ...?"

"ಸಿಟ್ಟೂ ಇತ್ತು. ಆಸೇನೂ ಇತ್ತು." ಅವನ ದನಿ ತಗ್ಗಿತು. "ನೀವಂದ್ರೆ ಇಷ್ಟ ನಂಗೆ. ದಿನಾ ನೀರಿನ ಲೆಕ್ಕ ಹೇಳೋ ನೆಪದಲ್ಲಿ ಫೋನ್ ಮಾಡ್ತಿದ್ದೆ."

"ನಂಗೆ ಸ್ಕ್ರೀನಲ್ಲೇ ಕಾಣ್ತಿತ್ತು ಆ ಲೆಕ್ಕ," ಎಂದಳು ಅಳುತ್ತಲೇ ನಕ್ಕು. "ಆದ್ರೂ ದಿನಾ ನಿಮ್ಮನ್ನೇ ಕೇಳ್ತಿದ್ದೆ."